ಟ್ಯಾಂಕಿನ ಗೋಡೆಯ ಕೆಂಪು ಚುಕ್ಕಿಗಳು

ಕಳೆದ ತಿಂಗಳು ಬಾಲಾನಗರದ ನಮ್ಮ ಹಳೇ ಮನೆಯ ತಾರಸಿಗೆ ಹೋಗಿದ್ದೆ. ಅಲ್ಲಿನ ಸಿಮೆಂಟ್ ಟ್ಯಾಂಕ್ ಒಡೆಸುವುದಿತ್ತು. ಅದು ವರ್ಷದಿಂದ ಸೋರುತ್ತಿತ್ತು. ಕೆಳಗಿನ ಬಾಡಿಗೆಯವರು ಫೋನಿನಲ್ಲಿ ಹೇಳಿ ಹೇಳಿ ಸುಸ್ತಾಗಿದ್ದರು, ಕೇಳಿ ಕೇಳಿ ನಾನೂ ಸುಸ್ತಾಗಿದ್ದೆ. ಕೆಲಸಕ್ಕೆ ಬಂದ ಗೌಂಡಿ ಯಾದಗಿರಿ ಕಡೆಯವನು. ಸುತ್ತಿಗೆ ಎತ್ತುವ ಮುಂಚೆ ಟ್ಯಾಂಕಿಗೆ ಒಂದು ಸುತ್ತು ಹಾಕಿ ಬಂದು ನಿಂತ.

"ಅಕ್ಕಾರ, ಮೂಡಣ ಗ್ವಾಡಿ ಮ್ಯಾಲ ಸಾಲಾಗಿ ಕೆಂಪು ಚುಕ್ಕಿ ಇಟ್ಟಾರಲ್ರಿ. ಏನರ ದೇವರದ್ದು ಐತೇನ್ರಿ? ಒಡದ್ರ ನಡೀತೈತಲ್ಲ?"

"ದೇವರದ್ದಲ್ಲಪ್ಪ, ನಮ್ಮಪ್ಪಂದು. ಮೊದಲು ಚಹಾ ಕುಡಿ" ಎಂದೆ.

ಅಷ್ಟರಲ್ಲಿ ಓಣಿಯ ತುದಿಯ ಇರಾನಿ ಬೇಕರಿಯಲ್ಲಿ ಒಂದು ತಟ್ಟೆ ಬಿಸ್ಕತ್ತು ಒಲೆಯಿಂದ ಹೊರಬಂದ ವಾಸನೆ ತಾರಸಿಗೆ ಏರಿತು. ಬೆಣ್ಣೆ, ಸಕ್ಕರೆ, ಒಂಚೂರು ಸೀದ ಹಿಟ್ಟು. ಆ ವಾಸನೆ ಬಂದರೆ ನನ್ನ ಮನಸ್ಸಿಗಿಂತ ಮೊದಲು ಕುತ್ತಿಗೆಗೆ ನೆನಪು ಬರುತ್ತದೆ, ಹಿಂದಿನ ನರ ಬಿಗಿಯುತ್ತದೆ. ಒಂದು ಚಳಿಗಾಲವನ್ನು ಆ ವಾಸನೆಯಲ್ಲಿ ನಿಂತು, ತಲೆಯೆತ್ತಿ ಆಕಾಶ ನೋಡುತ್ತಾ ಕಳೆದಿದ್ದೆ. ಕುತ್ತಿಗೆ ಅದನ್ನು ಇನ್ನೂ ಕ್ಷಮಿಸಿಲ್ಲ.

ಆಗ ಮಾದಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು. ಹೈದರಾಬಾದಿಗೆ ಐಟಿ ಬಂತು ಅಂತ ಊರಿಗೆಲ್ಲ ಹಬ್ಬ. ನೆಂಟರಿಷ್ಟರು ನನ್ನನ್ನು ಕಂಡರೆ, "ಕಂಪ್ಯೂಟರ್‍ನ್ಯಾಗ ಇದ್ದಾಳ" ಎಂದು ಹುಬ್ಬೇರಿಸುತ್ತಿದ್ದರು. ನಾನು ಮಾಡುತ್ತಿದ್ದದ್ದು ಕಾವಲು ಕೆಲಸ. ಅಮೆರಿಕದ ಒಂದು ಬ್ಯಾಂಕಿನ ಯಂತ್ರಗಳು ಅಲ್ಲಿಯ ಹಗಲಿನಲ್ಲಿ ಕೆಡದಂತೆ ಇಲ್ಲಿಯ ರಾತ್ರಿಯಲ್ಲಿ ಕಣ್ಣು ಬಿಟ್ಟು ಕೂರುವುದು. ಕೆಟ್ಟರೆ ಬೈಸಿಕೊಳ್ಳುವುದು, ಕೆಡದಿದ್ದರೆ ತೂಕಡಿಸುವುದು. ಗೂರ್ಖಾನಿಗೂ ನನಗೂ ಇದ್ದ ವ್ಯತ್ಯಾಸ ಎಂದರೆ ಅವನಿಗೆ ಸೀಟಿ ಇತ್ತು, ನನಗೆ ಏಸಿ ಇತ್ತು. ಕಂಪನಿಯ ಸುಮೋ ಗಾಡಿ ನನ್ನನ್ನು ಓಣಿಯ ಬಾಯಿಗೆ ತಂದು ಬಿಡುವಾಗ ಇನ್ನೂ ಬೆಳಕು ಹರಿದಿರುತ್ತಿರಲಿಲ್ಲ. ಕಾಲಿಗೆ ಚಪ್ಪಲಿ ಭಾರ, ಹೆಗಲಿಗೆ ಚೀಲ ಭಾರ, ಕೊನೆಗೆ ರೆಪ್ಪೆಗೆ ರೆಪ್ಪೆ ಭಾರ. ಆ ವರ್ಷವೆಂದರೆ ನನಗೆ ಮೊದಲು ದಣಿವು, ಆಮೇಲೆ ಉಳಿದದ್ದು.

ಆ ಹೊತ್ತಿನಲ್ಲಿ ಮನೆಯಲ್ಲಿ ಎದ್ದಿರುತ್ತಿದ್ದವರು ಅಪ್ಪ. ಬೀದರ್ ಕಡೆಯಿಂದ ಬಂದು ಇಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಉಪಕರಣದ ಮುಳ್ಳು ಕೂದಲೆಳೆಯಷ್ಟು ತಪ್ಪು ತೋರಿಸಿದರೂ ಅದರ ನೆತ್ತಿಗೆ ಕೆಂಪು ಬಣ್ಣದ ಚುಕ್ಕಿಯಿಟ್ಟು ಪಕ್ಕಕ್ಕೆ ಸರಿಸುವುದು ಅವರ ಕೆಲಸವಾಗಿತ್ತು. ಕೆಂಪು ಬಿದ್ದ ಮೇಲೆ ಎಂಥ ಸಾಹೇಬರು ಬಂದು ಹೇಳಿದರೂ ಅದು ವಿಮಾನ ಹತ್ತುವಂತಿರಲಿಲ್ಲ. "ನಾ ಕೈಲೆ ದುಡದವ ಅಲ್ಲ, ಕಣ್ಣಿಲೆ ದುಡದವ" ಎನ್ನುವುದು ಅವರ ಜಂಬದ ಮಾತು. ಆ ಕಣ್ಣನ್ನು ಅವರು ರಜೆಯಲ್ಲೂ ದುಡಿಸುತ್ತಿದ್ದರು. ತಾರಸಿಯಿಂದ ಎರಡು ಕೊಳವೆಯ ದುರ್ಬೀನಿನಲ್ಲಿ ನಕ್ಷತ್ರ, ಧೂಮಕೇತುಗಳ ಹೊಳಪು ಅಳೆದು, ಪರದೇಶದಲ್ಲಿ ಅಂಥ ಲೆಕ್ಕಗಳನ್ನು ಒಟ್ಟುಮಾಡುವವರಿಗೆ ಕಳಿಸುವುದು ಅವರ ಬಹುಕಾಲದ ಹವ್ಯಾಸ. ಜೊತೆಗೆ ನೋಡುತ್ತಿದ್ದ ಕಾರ್ಖಾನೆಯ ಗೆಳೆಯ ಮಗನ ಮನೆಗೆಂದು ಪುಣೆಗೆ ಹೋಗಿಬಿಟ್ಟಿದ್ದರು.

ಆ ವರ್ಷ ದಸರೆ ಮುಗಿಯುವ ಹೊತ್ತಿಗೆ ಯಾರೋ ಹೊಸ ಧೂಮಕೇತು ಕಂಡುಹಿಡಿದ ಸುದ್ದಿ ಬಂತು. ಅದು ಬೆಳಗಿನ ಜಾವ ಮೂಡಣದಲ್ಲಿ, ಸಿಂಹ ರಾಶಿಯ ಹತ್ತಿರ ಕಾಣುತ್ತದೆ ಎಂದಿತ್ತು. ಅಪ್ಪ ಬಾಗಿಲಲ್ಲೇ ನನ್ನನ್ನು ಹಿಡಿದರು. ಮಗಳಾದರೂ ಅವರು ನನ್ನನ್ನು ಕರೆಯುವುದು ತಂಗಿ ಎಂದೇ.

"ತಂಗಿ, ಇಬ್ಬರು ನೋಡಿದ್ರನ ಲೆಕ್ಕಕ್ಕ ತೂಕ. ನೀ ಹೆಂಗೂ ಈ ಹೊತ್ತಿಗೆ ಎದ್ದ ಇರ್ತಿ."

"ಎದ್ದಿರೂದಿಲ್ಲರಿ ಅಪ್ಪಾ. ಮಲಗಿರೂದಿಲ್ಲ, ಅಷ್ಟ."

"ಅದ ಆತಲ್ಲ" ಎಂದು ಅವರು ಮೆಟ್ಟಿಲು ಹತ್ತತೊಡಗಿದರು. ನಾನು ಚೀಲವನ್ನೂ ಇಳಿಸದೆ ಹಿಂದೆ ಹೋದೆ. ಬೇಡ ಎನ್ನಲಿಕ್ಕೂ ಆ ಹೊತ್ತಿನಲ್ಲಿ ನನಗೆ ತ್ರಾಣ ಇರುತ್ತಿರಲಿಲ್ಲ.

ಧೂಮಕೇತು ಯಾವ ದಿನ ಎಲ್ಲಿರುತ್ತದೆ ಎಂಬ ಹಾಳೆಯನ್ನು ಆಫೀಸಿನ ಪ್ರಿಂಟರಿನಲ್ಲಿ ತೆಗೆದು ತಂದುಕೊಟ್ಟೆ. ಅಪ್ಪ ಅದನ್ನು ದೂರ ಹಿಡಿದು ನೋಡಿ, "ಇದು ಅಂದಾಜು. ಧೂಮಕೇತು ಅಂದ್ರ ಹೊಸ ಅಳಿಯ ಇದ್ದಂಗ, ಯಾವಾಗ ಮುನಿಸ್ಕೋತಾನ ಹೇಳಾಕ ಬರಂಗಿಲ್ಲ" ಎಂದರು. ಮೊದಲ ಎರಡು ದಿನ ಮಂಜು, ಕಾರ್ಖಾನೆಗಳ ಹೊಗೆ, ಏನೂ ಸಿಗಲಿಲ್ಲ. ಮೂರನೆಯ ದಿನ ಮಖಾ ನಕ್ಷತ್ರದ ಕೆಳಗೆ, ಎರಡು ಸಣ್ಣ ಚಿಕ್ಕೆಗಳ ನಡುವೆ, ಗಾಜಿನ ಮೇಲೆ ಉಸಿರು ಬಿಟ್ಟಂಥ ಒಂದು ಮಸುಕು. ಬಾಲವಿಲ್ಲ, ಏನಿಲ್ಲ. ಇಷ್ಟಕ್ಕೋಸ್ಕರ ನಿದ್ದೆ ಬಿಟ್ಟೆನಲ್ಲ ಎನಿಸಿತು. ಮರುದಿನ ನೋಡಿದರೆ ಅದು ಆ ಎರಡು ಚಿಕ್ಕೆಗಳ ನಡುವೆ ಇರಲಿಲ್ಲ, ಪಕ್ಕಕ್ಕೆ ಸರಿದಿತ್ತು. ಒಂದು ವಸ್ತು ನಾನು ಕೆಲಸದಲ್ಲಿದ್ದಾಗ ನನಗೆ ಗೊತ್ತಿಲ್ಲದೆ ಆಕಾಶದಲ್ಲಿ ನಡೆದುಹೋಗಿದೆ ಎನ್ನುವುದು ನನ್ನನ್ನು ಯಾಕೋ ಹಿಡಿಯಿತು. ಅಂದಿನಿಂದ ಅಪ್ಪ ಕರೆಯದಿದ್ದರೂ ಹತ್ತಿದೆ. ಅಪ್ಪ ನಕ್ಷತ್ರಪಟದ ಮೇಲೆ ಪೆನ್ಸಿಲಿನಿಂದ ದಿನದಿನದ ಜಾಗ ಗುರುತು ಮಾಡುತ್ತಾ ಹೋದರು.

ಜಾಗ ಗುರುತಿಸುವುದು ಸುಲಭ, ಹೊಳಪು ಅಳೆಯುವುದು ಕಷ್ಟ. ದುರ್ಬೀನಿನ ತಿರುಪು ತಿರುಗಿಸಿ ಹತ್ತಿರದ ನಕ್ಷತ್ರಗಳನ್ನೂ ಧೂಮಕೇತುವಿನಷ್ಟೇ ಮಸುಕು ಮಾಡಬೇಕು. ಆಮೇಲೆ ಇದಕ್ಕಿಂತ ಜಾಸ್ತಿ, ಅದಕ್ಕಿಂತ ಕಡಿಮೆ ಎಂದು ತೂಗಿ ಒಂದು ಅಂಕಿ ಕಟ್ಟಬೇಕು. ಈ ಲೆಕ್ಕ ಉಲ್ಟಾ. ಅಂಕಿ ಸಣ್ಣದಾದಷ್ಟು ಹೊಳಪು ಹೆಚ್ಚು. ಎಂಟಕ್ಕಿಂತ ಏಳು ಪ್ರಕಾಶ, ಏಳಕ್ಕಿಂತ ಆರು. ಇದರಲ್ಲಿ ಅಪ್ಪನದು ಒಂದು ಕಟ್ಟುನಿಟ್ಟಾದ ಕಾನೂನು: ನೋಡುವಾಗ ಯಾರೂ ಮಾತಾಡಬಾರದು. ನೋಡಿದ ಮೇಲೆ ಅವರು ಟ್ಯಾಂಕಿನ ಮೂಡಣ ಗೋಡೆಗೆ ಹೋಗಿ ಸೀಮೆಸುಣ್ಣದಲ್ಲಿ ತಮ್ಮ ಅಂಕಿ ಬರೆಯಬೇಕು, ನಾನು ಪಡುವಣ ಗೋಡೆಗೆ ಹೋಗಿ ನನ್ನದು. ಆಮೇಲೆ ಒಬ್ಬರದನ್ನೊಬ್ಬರು ಸುತ್ತಿಬಂದು ನೋಡಬೇಕು. ಬೇರೆ ದೇಶದವರ ಅಂಕಿಗಳನ್ನಂತೂ ಧೂಮಕೇತು ಮರೆಯಾಗುವ ತನಕ ನೋಡುವ ಹಾಗೇ ಇಲ್ಲ.

"ಮಂದಿ ಮಾತು ಕಿವಿಗೆ ಬಿದ್ರ ಕಣ್ಣು ಅದನ್ನ ನೋಡತೈತಿ" ಎನ್ನುತ್ತಿದ್ದರು.

ಭಾನುವಾರಕ್ಕೊಮ್ಮೆ ನಾನು ಅವರ ಗೋಡೆಯ ಅಂಕಿಗಳನ್ನು ಅವರ ಹೆಸರಿನಲ್ಲಿ ಮಿಂಚಂಚೆ ಮಾಡುತ್ತಿದ್ದೆ. ನನ್ನವು ತಾಳೆ ನೋಡಲಿಕ್ಕೆ ಮಾತ್ರ.

ಮೊದಮೊದಲು ಎರಡು ಗೋಡೆಗೂ ಅಂಥ ವ್ಯತ್ಯಾಸವಿರಲಿಲ್ಲ. ಕಾರ್ತಿಕ ಬಂತು. ಕೆಳಗೆ ಅವ್ವ ತುಳಸಿಗೆ ದೀಪ ಇಡುವ ಹೊತ್ತಿಗೆ ನಾವು ಮೇಲಿನಿಂದ ಇಳಿಯುತ್ತಿದ್ದೆವು. ಧೂಮಕೇತು ಸಿಂಹ ದಾಟಿ ಕನ್ಯೆಯ ಕಡೆ ಜಾರುತ್ತಾ ಸೂರ್ಯನಿಗೆ ಹತ್ತಿರವಾಗುತ್ತಿತ್ತು. ನನ್ನ ಗೋಡೆಯಲ್ಲಿ ಅಂಕಿ ಇಳಿಯುತ್ತಾ ಬಂತು, ಎಂಟು, ಏಳು, ಆರೂವರೆ. ಅಪ್ಪನ ಗೋಡೆಯಲ್ಲಿ ಅದು ಏಳೂವರೆಯ ಹತ್ತಿರ ಬಂದು ಕೂತುಬಿಟ್ಟಿತು, ಆಮೇಲೆ ಏರಲಿಕ್ಕೇ ಶುರುವಾಯಿತು.

"ಸಾಯಾಕತ್ತೈತಿ ಇದು. ಸೂರ್ಯಾನ ಶೆಕೆ ತಡಿಯಾಕ ಆಗವಲ್ದು" ಎಂದರು ಒಂದು ದಿನ. ಇನ್ನೊಂದು ದಿನ ಪಡುವಣ ದಿಕ್ಕಿನಲ್ಲಿ ಮಾದಾಪುರದ ಮೇಲೆ ಕವಿದಿದ್ದ ಕಿತ್ತಳೆ ಬೆಳಕು ತೋರಿಸಿ ನನ್ನ ಮೇಲೇ ತಿರುಗಿಬಿದ್ದರು. "ನಿಮ್ಮ ಆಫೀಸಿನ ದೀಪ ನನ್ನ ಧೂಮಕೇತು ತಿನ್ನಾಕತ್ತಾವ. ಮನಶ್ಯಾ ಇಲ್ಲದ ಮಾಳಿಗಿಗೂ ದೀಪ ಹಚ್ತಾರ!"

ನಾನು ನಕ್ಕೆ. ದೀಪ ಪಡುವಣದಲ್ಲಿ, ಧೂಮಕೇತು ಮೂಡಣದಲ್ಲಿ. ಅದೇ ದೀಪ ನನ್ನ ಕಣ್ಣಿಗೇಕೆ ಅಡ್ಡ ಬರುತ್ತಿಲ್ಲ ಎಂದು ಕೇಳಿದರೆ ಅವರ ಹತ್ತಿರ ಉತ್ತರ ಸಿದ್ಧವಿತ್ತು. ನನ್ನ ಗೋಡೆ ನೋಡಿ ಬಂದವರೇ, "ನೀ ನಿದ್ದಿಗಣ್ಣಾಗ ಬರದಿ" ಎಂದುಬಿಡುತ್ತಿದ್ದರು. ಹಲವು ದಿನ ನಾನೂ ಅದನ್ನೇ ನಂಬಿದೆ. ಕಣ್ಣು ನನ್ನದೇ ಆದರೂ ಅಪ್ಪನ ಕಣ್ಣಿನ ಮೇಲೆ ನನಗಿದ್ದ ವಿಶ್ವಾಸ ನನ್ನದರ ಮೇಲಿರಲಿಲ್ಲ.

ಎರಡು ಗೋಡೆಗಳ ನಡುವೆ ಒಂದೂವರೆಯಷ್ಟು ಅಂತರ ಬಿದ್ದಾಗ ಮಾತ್ರ ತಡೆಯಲಾಗಲಿಲ್ಲ. ಆಫೀಸಿನಲ್ಲಿ ಊಟದ ವಿರಾಮದಲ್ಲಿ ಕಾನೂನು ಮುರಿದು ಬೇರೆಯವರ ಅಂಕಿಗಳನ್ನು ತೆರೆದೆ. ಜಪಾನು, ಆಸ್ಟ್ರೇಲಿಯಾ, ಎಲ್ಲರ ಅಂಕಿಗಳೂ ನನ್ನ ಗೋಡೆಯ ಜೊತೆಗಿದ್ದವು. ಎಲ್ಲರಿಗೂ ಬೆಳಗುತ್ತಿರುವ ಧೂಮಕೇತು ಅಪ್ಪನೊಬ್ಬರಿಗೇ ಆರುತ್ತಿತ್ತು. ನನ್ನ ಅಂಕಿ ಸರಿಯಿದ್ದದ್ದಕ್ಕೆ ಆಗಬೇಕಿದ್ದ ಖುಷಿ ಆಗಲಿಲ್ಲ.

ಅಡಿಗೆಮನೆಯಲ್ಲಿ ಅವ್ವನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸೆರಗಿನಿಂದ ಕೈ ಒರೆಸಿಕೊಂಡಳು.

"ನನಗ ಗೊತ್ತೈತಿ. ಅವರು ಅಕ್ಕಿ ಆರಸೂದು ಬಿಟ್ಟು ವರ್ಷಾತು. ಪೇಪರು ನಾನ ಓದಿ ಹೇಳ್ತೀನಿ, 'ಅಕ್ಷರ ಸಣ್ಣ ಮಾಡ್ಯಾರ' ಅಂತಾರ. ಕಣ್ಣಿಗೆ ಪೊರಿ ಬಂದೈತಿ, ಮೋತಿಬಿಂದು ಆಗೇತಿ ಅಂದ್ರ ಆ ಮಾತ ಎತ್ತಗೊಡಂಗಿಲ್ಲ. ಅವರವ್ವಗ ಊರಾಗ ಕ್ಯಾಂಪಿನ್ಯಾಗ ಆಪರೇಷನ್ ಮಾಡಿಸಿ ಇದ್ದ ಕಣ್ಣೂ ಹೋಗಿತ್ತು. ಆ ಅಂಜಿಕಿ ಕೂತಬಿಟ್ಟೈತಿ." ಆಮೇಲೆ ದನಿ ತಗ್ಗಿಸಿ ಅಂದಳು: "ನೀ ಒಂದ ಕೆಲಸ ಮಾಡು. ನಿನ್ನ ಗ್ವಾಡಿ ಮ್ಯಾಲ ಒಂಚೂರು ಅವರ ಅಂಕಿಗೆ ಸನೇಕ ಬರೀ. ಧೂಮಕೇತು ಹೋದ್ರ ಹೋಗ್ಲಿ. ಅವರ ಮನಸು ಉಳೀಲಿ."

ಅವ್ವನ ಮಾತು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅವಳು ಗಂಡನನ್ನು ಕಾಯುತ್ತಿದ್ದಳು. ಅಪ್ಪನ ಪಾಲಿಗೆ ಕಣ್ಣು ಹೋಗುವುದೆಂದರೆ ಬರೀ ಕಣ್ಣು ಹೋಗುವುದಲ್ಲ, ಬದುಕಿಡೀ ತಾನು ಏನಾಗಿದ್ದೆನೋ ಅದೇ ಹೋಗುವುದು. ಆದರೆ ಹಾಗೇ ಬಿಟ್ಟರೆ ಉಳಿದ ನೋಟವೂ ಹೋಗುತ್ತಿತ್ತು. ಮರುದಿನ ಬೆಳಗಿನ ಜಾವ ನಾನು ಸೀಮೆಸುಣ್ಣ ಹಿಡಿದು ಪಡುವಣ ಗೋಡೆಯೆದುರು ನಿಂತೆ. ಏಳು ಎಂದು ಬರೆಯಬಹುದಿತ್ತು. ಹಿಂದಿನ ರಾತ್ರಿ ಯಂತ್ರ ಕೆಟ್ಟು ಮ್ಯಾನೇಜರ್ ಫೋನಿನಲ್ಲಿ ಕೂಗಾಡಿದ್ದ, ತಲೆ ಕೆಲಸ ಮಾಡುತ್ತಿರಲಿಲ್ಲ. ಒಂದು ಸುಳ್ಳು ಬರೆದರೆ ನಾಳೆ ಅದಕ್ಕೆ ಹೊಂದುವ ಇನ್ನೊಂದನ್ನು ಯೋಚಿಸಬೇಕು, ನಾಡಿದ್ದಿಗೆ ಮತ್ತೊಂದು. ಸುಳ್ಳು ಸಾಕುವುದಕ್ಕೂ ಮೈಯಲ್ಲಿ ಕಸುವು ಬೇಕು. ನಾನು ಕಂಡದ್ದನ್ನೇ ಬರೆದೆ, ಐದೂವರೆ.

ಅಪ್ಪ ಸುತ್ತಿ ಬಂದರು. ಟಾರ್ಚಿಗೆ ಸುತ್ತಿದ್ದ ಕೆಂಪು ಕಾಗದದ ಬೆಳಕಿನಲ್ಲಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದರು. "ಇವತ್ತೂ ನಿದ್ದಿಗಣ್ಣಾಗ..."

"ನಿದ್ದಿ ನನ್ನ ಕಣ್ಣಾಗ ಐತ್ರಿ ಅಪ್ಪಾ. ಪೊರಿ ನಿಮ್ಮ ಕಣ್ಣಾಗ ಐತಿ." ಬಾಯಿಂದ ಬಂದೇಬಿಟ್ಟಿತು. "ಮಂದಿ ಅಂಕಿನೂ ನೋಡೀನಿ. ಎಲ್ಲಾರಿಗೂ ಐದೂವರೀನ ಕಾಣಾಕತ್ತೈತಿ."

ಅವರು ಟಾರ್ಚ್ ಆರಿಸಿದರು. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದುಹೋದರು. ಅವರು ಮೆಟ್ಟಿಲನ್ನು ಕಾಲಿನಿಂದ ತಡವಿ ಹುಡುಕುವುದನ್ನು ನಾನು ಆಗಲೇ ಮೊದಲು ಗಮನಿಸಿದ್ದು.

ಆಮೇಲೆ ಒಂದಷ್ಟು ದಿನ ಅವರು ಮೇಲೆ ಬರಲಿಲ್ಲ. ನಾನೊಬ್ಬಳೇ ಹತ್ತಿ, ನೋಡಿ, ಬರೆದು, ಇಳಿದೆ. ಧೂಮಕೇತು ದಿನದಿನಕ್ಕೆ ಕೆಳಗಿಳಿದು, ಬೆಳಗಾಗುವ ಬೆಳಕಿನೊಳಗೆ ಕರಗುತ್ತಿತ್ತು. ಒಂದು ಮುಂಜಾನೆ ಕಾರ್ಖಾನೆಯ ಚಿಮಣಿಗಳ ಹಿಂದೆ ಅದು ಸಿಗಲೇ ಇಲ್ಲ. ಕೆಳಗೆ ಬಂದರೆ ಅಪ್ಪ ನಡುಮನೆಯಲ್ಲಿ ಕೂತಿದ್ದರು.

"ಹೋತಾ?"

"ಹೋತ್ರಿ. ಇನ್ನ ಸಂಕ್ರಾಂತಿ ಆದಮ್ಯಾಲ ಸಂಜಿ ಮುಂದ ಪಡುವಣಕ್ಕ ಕಾಣತೈತಂತ."

ಅವರು ಅವ್ವನ ಕಡೆ ತಿರುಗಿದರು. "ಅದು ಸೂರ್ಯಾನ ಹಿಂದ ಹೋಗಿ ಬರತೈತಿ. ಅಷ್ಟರಾಗ ನಾನೂ ಹೋಗಿ ಬರ್ತೀನಿ. ಯಾವ ದವಾಖಾನಿ ಐತಿ ನೋಡ್ರಿ."

ಕಣ್ಣಿನ ದವಾಖಾನೆಯ ಡಾಕ್ಟರ್ ಹೈದರಾಬಾದಿನವರೇ, ನಗುಮುಖ. ಅಪ್ಪನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಕ್ಯಾ ಅಂಕಲ್, ಇತ್ತೆ ದಿನ್ ಕೈಕು ರುಕೆ?" ಎಂದರು. ಇಷ್ಟು ದಿನ ಯಾಕೆ ತಡೆದಿರಿ ಎಂದು ಕೇಳಿದ್ದಕ್ಕೆ ಅಪ್ಪ, ಯಾವ ಕಣ್ಣು ಮೊದಲು ಎಂದು ಕೇಳಿದರು. ಮೊದಲು ಬಲಗಣ್ಣು, ಎಡದ್ದು ಬೇಸಿಗೆಯಲ್ಲಿ ಎಂದು ತೀರ್ಮಾನವಾಯಿತು. ಆಪರೇಷನ್ ದಿನ ಬಾಗಿಲ ಹೊರಗಿನ ಬೆಂಚಿನ ಮೇಲೆ ನಾನು ಕೂತಲ್ಲೇ ನಿದ್ದೆ ಹೋದೆ. ಎಚ್ಚರಾದಾಗ ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನನ್ನ ಒಂದು ಮಾತಿಗೆ ಅಪ್ಪ ಅಲ್ಲಿ ಮಲಗಿದ್ದಾರೆ ಎನ್ನುವುದು ಎದೆಯ ಮೇಲೆ ಕೂತಿತ್ತು.

ಪಟ್ಟಿ ಬಿಚ್ಚಿದ ಮೇಲೆ ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರ್. ಅಪ್ಪ ತಾವೇ ಪರೀಕ್ಷಿಸದೆ ಅದನ್ನು ಒಪ್ಪುವವರಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಔಷಧಿಯ ಹನಿ ಹಾಕಿಸಿಕೊಂಡು, ತಲೆ ಬಗ್ಗಿಸಬೇಡಿ ಎಂದಿದ್ದಕ್ಕೆ ನೇರ ಕೂತೇ ದಿನ ಕಳೆದರು. ಸಂಕ್ರಾಂತಿ ಬಂತು, ಎಳ್ಳು ಬೀರಿದ್ದಾಯಿತು. ಓಣಿಯ ಮಂದಿಯೆಲ್ಲ ನಾಂಪಲ್ಲಿಯ ವಸ್ತುಪ್ರದರ್ಶನವಾದ ನುಮಾಯಿಷ್‌ಗೆ ಹೋಗಿ ಪಿಂಗಾಣಿ ಜಾಡಿ, ಕಾಶ್ಮೀರಿ ಶಾಲು ಹೊತ್ತು ತಂದರು. ಅಂಥ ಒಂದು ಸಂಜೆ, ನಾನು ಕೆಲಸಕ್ಕೆ ಹೊರಡುವ ಮೊದಲು, ಅಪ್ಪ ದುರ್ಬೀನು ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಅವ್ವನೂ ಹಿಂದೆಯೇ ಹತ್ತಿದಳು.

ಪಡುವಣದಲ್ಲಿ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಪೂರ್ವಾಭಾದ್ರೆಯ ಕೆಳಗೆ, ಮಾದಾಪುರದ ಕಿತ್ತಳೆ ಬೆಳಕಿನ ಸ್ವಲ್ಪ ಮೇಲೆ, ಧೂಮಕೇತು ಸಿಕ್ಕಿತು. ಈಗ ಅದಕ್ಕೆ ಒಂದು ಚೋಟುದ್ದ ಬಾಲವಿತ್ತು. ಅಪ್ಪ ದುರ್ಬೀನಿನ ಒಂದೇ ಕೊಳವೆಗೆ ಬಲಗಣ್ಣು ಇಟ್ಟು ನೋಡಿದರು. ಆಮೇಲೆ ಅದೇ ಕೊಳವೆಗೆ ಎಡಗಣ್ಣು ಇಟ್ಟರು. ಮತ್ತೆ ಬಲ, ಮತ್ತೆ ಎಡ. ಕಾರ್ಖಾನೆಯಲ್ಲಿ ಅನುಮಾನದ ಉಪಕರಣವನ್ನು ಸರಿಯಿರುವುದರ ಪಕ್ಕದಲ್ಲಿಟ್ಟು ತಾಳೆ ನೋಡುತ್ತಿದ್ದರಂತಲ್ಲ, ಅದನ್ನೇ ಮಾಡುತ್ತಿದ್ದರು. ನಾವು ಮಾತಾಡಲಿಲ್ಲ. ಅವರು ಮೂಡಣ ಗೋಡೆಗೆ ಹೋದರು, ನಾನು ಪಡುವಣ ಗೋಡೆಗೆ. ಸುತ್ತಿ ಬಂದು ನೋಡಿದರೆ ಅವರದೂ ಐದು, ನನ್ನದೂ ಐದು.

ಅವ್ವ ಕೈ ಮುಗಿದಳು. ಅಪ್ಪ ಹಿಗ್ಗಲಿಲ್ಲ. "ಕೆಳಗ ಕಪಾಟಿನ್ಯಾಗ ಕೆಂಪು ಬಣ್ಣದ ಡಬ್ಬಿ ಐತಿ. ತಗೊಂಡ ಬಾ ತಂಗಿ" ಎಂದರು.

ತಂದುಕೊಟ್ಟೆ. ಅವರು ಮೂಡಣ ಗೋಡೆಯೆದುರು ನಿಂತು, ಸಣ್ಣ ಕುಂಚ ಅದ್ದಿ, ಶರತ್ಕಾಲದಿಂದ ತಾವು ಬರೆದ ಒಂದೊಂದು ಅಂಕಿಯ ಪಕ್ಕಕ್ಕೂ ಒಂದೊಂದು ಕೆಂಪು ಚುಕ್ಕಿ ಇಡತೊಡಗಿದರು. ಕೆಳಗಿನ ಸಾಲಿಗೆ ಬಗ್ಗಬಾರದೆಂದು ಗೋಡೆಗೆ ಆನಿಕೊಂಡು ಬೆನ್ನು ನೇರವಾಗಿಟ್ಟು ಮೆಲ್ಲಗೆ ಕುಕ್ಕುರುಗಾಲಲ್ಲಿ ಕೂತರು.

"ಮೊದಮೊದಲಿನವು ಸರಿ ಇದ್ದೂವಲ್ರಿ" ಎಂದಳು ಅವ್ವ. "ಅವನ್ನರ ಬಿಡ್ರಿ."

"ಯಾವಾಗ ಕೆಟ್ಟಿತು ಅಂತ ಗೊತ್ತಿಲ್ಲದ ಮುಳ್ಳು, ಎಂದೂ ಸರಿ ಇರಲಿಲ್ಲ ಅಂತನ ಲೆಕ್ಕ." ಕೈ ನಿಲ್ಲಿಸದೆ ನನಗೆ ಹೇಳಿದರು: "ಅಂಕಿ ಯಾರಿಗೆ ಕಳಸೀವಿ, ಅವರಿಗೆ ಬರಿ. ನೋಡಿದವನ ಕಣ್ಣಿಗೆ ಪೊರಿ ಇತ್ತು, ಇವನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ ಅಂತ ನನ್ನ ಹೆಸರಿಲೇ ಬರಿ. ನಿನ್ನ ಗ್ವಾಡೀವು ನಿನ್ನ ಹೆಸರಿಲೆ ಕಳಸು."

ಕೊನೆಯ ಅಂಕಿ, ಆ ಸಂಜೆಯ ಐದು, ಅದೊಂದಕ್ಕೆ ಚುಕ್ಕಿ ಇಡಲಿಲ್ಲ. ಎದ್ದು ಕುಂಚ ಒರೆಸಿ ಮತ್ತೆ ದುರ್ಬೀನು ತೆಗೆದುಕೊಂಡರು. ಬರೆಯುವುದು ಮುಗಿದಿತ್ತು, ಸುಮ್ಮನೆ ನೋಡಲಿಕ್ಕೆ. ಬಹಳ ಹೊತ್ತು ನೋಡಿದರು. ಓಣಿಯ ಬಾಯಲ್ಲಿ ನನ್ನ ಸುಮೋ ಹಾರ್ನ್ ಹಾಕತೊಡಗಿತ್ತು.

"ತಂಗಿ, ಇದಕ್ಕ ಬಣ್ಣ ಐತಲ್ಲ. ಹಸರು. ನೀಲಿ ಕಲಸಿದ ಹಸರು."

"ಹೌದ್ರಿ."

"ಮೊದಲಿಂದನೂ ಇತ್ತಾ?"

"ಕಾರ್ತಿಕದಾಗಿಂದ ಐತ್ರಿ."

"ಮತ್ತ ನೀ ಒಂದ ದಿನಾನೂ ಹೇಳಲಿಲ್ಲಲ್ಲ?"

"ನೋಡಿದ್ದನ್ನ ಹೇಳಬಾರದು ಅಂತ ನಿಮ್ಮದ ಕಾನೂನಲ್ರಿ ಅಪ್ಪಾ. ನಿಮಗೂ ಕಾಣತಿರಬೇಕು ಅಂತ ಮಾಡಿದ್ದೆ."

ಅವರು ದುರ್ಬೀನನ್ನು ಇಳಿಸದೆಯೇ ಎಡಗೈಯಿಂದ ನನ್ನ ತಲೆಯನ್ನು ಹುಡುಕಿ, ಕೂದಲ ಮೇಲೆ ಕೈಯಿಟ್ಟುಕೊಂಡು ನಿಂತರು. ಆ ದಿನ ನಾನು ಕೆಲಸಕ್ಕೆ ತಡವಾಗಿ ಹೋಗಿ ಮತ್ತೆ ಬೈಸಿಕೊಂಡೆ.

ಅಪ್ಪ ಹೋಗಿ ಈಗ ಕೆಲವು ವರ್ಷಗಳಾದವು. ಅವ್ವ ನನ್ನ ಜೊತೆಗಿದ್ದಾಳೆ. ಸೀಮೆಸುಣ್ಣ ಮಳೆಗೆ ನಿಲ್ಲುವುದಿಲ್ಲ. ಅವರ ಅಂಕಿಗಳೂ ಇಲ್ಲ, ನನ್ನವೂ ಇಲ್ಲ, ಚುಕ್ಕಿಯಿಲ್ಲದ ಆ ಐದೂ ಇಲ್ಲ. ಎಣ್ಣೆ ಬಣ್ಣವಾದ್ದರಿಂದ ಚುಕ್ಕಿಗಳು ಮಾತ್ರ ಉಳಿದಿವೆ. ಗೌಂಡಿ ಚಹಾ ಮುಗಿಸಿ ಸುತ್ತಿಗೆ ಹಿಡಿದು ಎದ್ದ.

"ಯಾವ ಕಡಿಂದ ಶುರು ಮಾಡ್ಲಿ ಅಕ್ಕಾರ?"

"ಪಡುವಣದ್ದು ಮೊದಲು ಒಡಿಯಪ್ಪ" ಎಂದೆ. "ಅದರ ಮ್ಯಾಲ ಏನೂ ಉಳದಿಲ್ಲ."